ದೇವಗಿರಿಯ ಕಪ್ಪು ಕಲ್ಲು, ಜಕ್ಕೂರಿನ ಜೇಡಿ: ತಣ್ಣನೆ ಬೆಳಕಿನ ಚರಿತ್ರೆ

ಗಾದಿಗನೂರು ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಮೇಲಿನ ಊರು. ರಾತ್ರಿ ಹೊತ್ತು ಊರಾಚೆ ನಿಂತು ಮೂಡಲಿಗೆ ಮುಖ ಮಾಡಿದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಆಕಾಶ ಕೆಂಪೇರಿರುತ್ತದೆ. ಅದು ಬೆಂಕಿಯ ಬೆಳಕು. ಕುಲುಮೆಯಲ್ಲಿ ಕುದಿಯುವ ಕಬ್ಬಿಣ ತನ್ನ ಕಾವಿನಿಂದಲೇ ಹೊಳೆಯುತ್ತದೆ. ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಕೈಯಲ್ಲಿರುವ ಮೊಬೈಲಿನ ಪರದೆಯೂ ಹೊಳೆಯುತ್ತಿರುತ್ತದೆ. ಅದರಲ್ಲಿ ಬೆಂಕಿಯಿಲ್ಲ, ಮುಟ್ಟಿದರೆ ಸುಡುವುದಿಲ್ಲ. ಈ ಎರಡು ಬೆಳಕುಗಳ ಜಾತಿಯೇ ಬೇರೆ. ಮೊದಲನೆಯದು ಮನುಷ್ಯ ಗುಹೆಯಲ್ಲಿದ್ದಾಗಿನಿಂದ ಇದೆ. ಎರಡನೆಯದನ್ನು ಬೇಕೆಂದಾಗ ಬೇಕಾದ ಬಣ್ಣದಲ್ಲಿ ಹೊರಡಿಸಲು ಕಲಿತು ಇನ್ನೂ ನೂರು ವರ್ಷವೂ ಆಗಿಲ್ಲ.

ಊರಿನ ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ಆ ಬೆಟ್ಟಗಳ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವುದು ಕಬ್ಬಿಣದ ಅದಿರು, ಕೆಂಪು ಧೂಳು, ಲಾರಿಗಳ ಸಾಲು. ಆದರೆ ಅಲ್ಲಿ ಇನ್ನೊಂದು ಅದಿರೂ ಇದೆ. ಬಣ್ಣ ಕಪ್ಪು, ಹಿಡಿದರೆ ಕೈಗೆಲ್ಲ ಮಸಿ. ಅದು ಮ್ಯಾಂಗನೀಸ್. ಕಬ್ಬಿಣದ ಕಥೆಯನ್ನು ಹೇಳಿದವರು ಬಹಳ ಮಂದಿ. ಮ್ಯಾಂಗನೀಸನ್ನು ನಾವು ಉಕ್ಕಿಗೆ ಬೆರೆಸುವ ಸಾಮಾನು ಎಂದಷ್ಟೇ ತಿಳಿದಿದ್ದೇವೆ. ತಣ್ಣನೆ ಬೆಳಕಿನ ಚರಿತ್ರೆಯಲ್ಲಿ ಈ ಕಪ್ಪು ಕಲ್ಲಿನ ಲೋಹಕ್ಕೆ ಇರುವ ಪಾಲು ನಮ್ಮ ಭಾಗದವರಿಗೇ ಗೊತ್ತಿಲ್ಲ.

ಬೆಂಕಿಯ ಬೆಳಕಿನ ವೈಭವವನ್ನು ಈ ನೆಲ ಕಂಡಷ್ಟು ಇನ್ನೊಂದು ನೆಲ ಕಂಡಿರಲಾರದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯ ಇರುಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕತ್ತಲಾಗುತ್ತಿದ್ದಂತೆ ಬಟ್ಟೆ ಸುತ್ತಿದ ದೊಡ್ಡ ದೊಡ್ಡ ಪಂಜುಗಳನ್ನು ಬಯಲಿನ ಸುತ್ತ ನಿಲ್ಲಿಸಿ, ಅಂಗಳವನ್ನೆಲ್ಲ ಹಗಲು ಮಾಡುತ್ತಿದ್ದರಂತೆ. ಆ ಹಗಲಿಗೆ ಎಷ್ಟು ಎಣ್ಣೆ ಸುಟ್ಟಿರಬೇಕು! ಉರಿಯುವ ಎಣ್ಣೆಯ ಶಕ್ತಿಯಲ್ಲಿ ಬೆಳಕಾಗುವುದು ಅತ್ಯಲ್ಪ, ಉಳಿದದ್ದೆಲ್ಲ ಬಿಸಿ ಮತ್ತು ಹೊಗೆ. ನಾಲ್ಕು ಶತಮಾನ ಕಳೆದು ವಿದ್ಯುತ್ ಬಂದಾಗಲೂ ಈ ಲೆಕ್ಕ ಹೆಚ್ಚು ಬದಲಾಗಲಿಲ್ಲ. ತಂತಿಯನ್ನು ಎರಡೂವರೆ ಸಾವಿರ ಡಿಗ್ರಿ ಕಾಯಿಸಿ ಬೆಳಕು ತೆಗೆಯುವ ಹಳೆಯ ಬಲ್ಬು ತಾನು ಕುಡಿದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲನ್ನಷ್ಟೇ ಬೆಳಕಾಗಿ ಕೊಡುತ್ತಿತ್ತು.

ಸಂಡೂರಿನ ಬೆಟ್ಟಗಳನ್ನು ಭೂವಿಜ್ಞಾನದ ಕಣ್ಣಿನಿಂದ ಮೊದಮೊದಲು ನೋಡಿದವರಲ್ಲಿ ಒಬ್ಬರು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ದೊಡ್ಡ ವರದಿ 1895ರಲ್ಲಿ ಪ್ರಕಟವಾಯಿತು. ಸುಮಾರು 270 ಕೋಟಿ ವರ್ಷ ಹಳೆಯದಾದ ಈ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಒಟ್ಟಿಗೆ ಕುಳಿತಿವೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ವಿದೇಶಿ ಬಂಡವಾಳದ ಕಂಪನಿ ಸಂಡೂರು ಸಂಸ್ಥಾನದಿಂದ ಗುತ್ತಿಗೆ ಹಿಡಿದು ಮ್ಯಾಂಗನೀಸ್ ಎತ್ತಲು ಶುರುಮಾಡಿತು. ಘೋರ್ಪಡೆ ಮನೆತನದ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1954ರಲ್ಲಿ, ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. ದೇವಗಿರಿ, ಕಮ್ಮತೂರು, ಸುಬ್ಬರಾಯನಹಳ್ಳಿ, ರಾಮಗಡ: ಈ ಹೆಸರುಗಳೆಲ್ಲ ಆಮೇಲೆ ಗಣಿಯ ಹೆಸರುಗಳೇ ಆಗಿಹೋದವು. ಎತ್ತಿದ ಅದಿರಿನ ಬಹುಪಾಲು ಉಕ್ಕಿನ ಕುಲುಮೆಗೆ ಹೋಯಿತು. ಉಕ್ಕು ಗಟ್ಟಿಯಾಗಬೇಕಾದರೆ ಮ್ಯಾಂಗನೀಸ್ ಬೇಕೇ ಬೇಕು.

ಆದರೆ ಮ್ಯಾಂಗನೀಸಿಗೂ ಬೆಳಕಿಗೂ ನಂಟು ಬೆಳೆದದ್ದು ಬೇರೆ ದಾರಿಯಲ್ಲಿ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಮ್ಯಾಂಗನೀಸ್ ಡೈಆಕ್ಸೈಡ್ ಪುಡಿಯನ್ನು ಹಾಕಿ ವಿದ್ಯುತ್ಕೋಶ ಮಾಡಿದರು. ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ ‘ಬ್ಯಾಟರಿ’ ಅನ್ನುತ್ತಾರೆ. ಹೊಲಕ್ಕೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಇರುತ್ತಿದ್ದ ಆ ಬ್ಯಾಟರಿಯ ಸೆಲ್ಲು ಸತ್ತ ಮೇಲೆ ಹುಡುಗರು ಅದನ್ನು ಕಲ್ಲಿನಿಂದ ಜಜ್ಜಿ ಒಳಗಿನ ಕಡ್ಡಿ ತೆಗೆಯುತ್ತಿದ್ದರು. ಕಡ್ಡಿಯ ಸುತ್ತ ಅಂಟಿಕೊಂಡಿರುತ್ತಿದ್ದ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡು, ಕಡ್ಡಿ ಇಂಗಾಲ. ಅಂದರೆ ಕತ್ತಲ ಗದ್ದೆಯ ಬದುವಿನ ಮೇಲೆ ಬೆಳಕು ಬೀಳುತ್ತಿದ್ದದ್ದು ಈ ಲೋಹದ ದೆಸೆಯಿಂದ. ಇಲ್ಲಿ ಅದು ವಿದ್ಯುತ್ ಹರಿಯಲು ನೆರವಾಯಿತೇ ಹೊರತು ತಾನೇ ಬೆಳಗಲಿಲ್ಲ. ತಾನೇ ಬೆಳಗಿದ್ದು ಟ್ಯೂಬ್‌ಲೈಟಿನಲ್ಲಿ.

ಟ್ಯೂಬ್‌ಲೈಟು 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಗಾಜಿನ ಕೊಳವೆಯೊಳಗೆ ಒಂದಿಷ್ಟು ಪಾದರಸದ ಆವಿ. ವಿದ್ಯುತ್ ಹಾಯಿಸಿದರೆ ಆ ಆವಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೊರಡಿಸುತ್ತದೆ. ಕೊಳವೆಯ ಒಳಮೈಗೆ ಬಳಿದ ಪುಡಿ ಆ ಕಿರಣವನ್ನು ನುಂಗಿ, ಕಣ್ಣಿಗೆ ಕಾಣುವ ಬೆಳಕನ್ನು ಉಗುಳುತ್ತದೆ. ಹೀಗೆ ಮಾಡುವ ಪುಡಿಗೆ ಫಾಸ್ಫರ್ ಎಂದು ಹೆಸರು. ಮೊದಮೊದಲು ಹಾಕುತ್ತಿದ್ದ ಪುಡಿಗಳಲ್ಲಿ ವಿಷದ ಬೆರಿಲಿಯಂ ಇತ್ತು. ಅದರಿಂದ ಕಾರ್ಮಿಕರ ಶ್ವಾಸಕೋಶ ಹಾಳಾಗುತ್ತಿತ್ತು. 1942ರಲ್ಲಿ, ಮಹಾಯುದ್ಧದ ನಡುವೆ, ಲಂಡನ್ನಿನ ಅಂಚಿನ ವೆಂಬ್ಲಿಯಲ್ಲಿದ್ದ ಜಿಇಸಿ ಪ್ರಯೋಗಾಲಯದಲ್ಲಿ ಮೆಕೀಗ್ ಮತ್ತು ರ್‍ಯಾನ್‌ಬಿ ಎಂಬಿಬ್ಬರು ಹೊಸ ಪುಡಿಯೊಂದನ್ನು ಕಂಡುಹಿಡಿದರು. ಮೂಳೆಯ ಸುಣ್ಣದ ಹತ್ತಿರದ ಬಂಧುವಾದ ಕ್ಯಾಲ್ಸಿಯಂ ಹ್ಯಾಲೊಫಾಸ್ಫೇಟು, ಅದರೊಳಗೆ ಚಿಟಿಕೆ ಆಂಟಿಮನಿ, ಚಿಟಿಕೆ ಮ್ಯಾಂಗನೀಸ್. ಆಂಟಿಮನಿ ನೇರಳಾತೀತವನ್ನು ನುಂಗಿ ಒಂದು ಪಾಲನ್ನು ನೀಲಿಯಾಗಿ ತಾನೇ ಬಿಡುತ್ತದೆ, ಇನ್ನೊಂದು ಪಾಲನ್ನು ಪಕ್ಕದ ಮ್ಯಾಂಗನೀಸಿಗೆ ದಾಟಿಸುತ್ತದೆ. ಮ್ಯಾಂಗನೀಸ್ ಅದನ್ನು ಕಿತ್ತಳೆ-ಹಳದಿಯಾಗಿ ಹೊರಗೆ ಹಾಕುತ್ತದೆ. ನೀಲಿಯೂ ಕಿತ್ತಳೆಯೂ ಕೂಡಿದರೆ ಕಣ್ಣಿಗೆ ಬಿಳಿ. ಮ್ಯಾಂಗನೀಸ್ ಹೆಚ್ಚಿಸಿದರೆ ಬಿಳಿಯಲ್ಲಿ ಹಳದಿ ಛಾಯೆ, ಇಳಿಸಿದರೆ ನೀಲಿ ಛಾಯೆ.

ಐವತ್ತು ವರ್ಷಗಳ ಕಾಲ ಜಗತ್ತಿನ ಶಾಲೆ, ಆಸ್ಪತ್ರೆ, ಕಚೇರಿಗಳೆಲ್ಲ ಬೆಳಗಿದ್ದು ಈ ಒಂದು ಪುಡಿಯಿಂದ. ತುಂಗಭದ್ರಾ ಅಣೆಕಟ್ಟೆಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ದಶಕದ ಕೊನೆಯ ಹೊತ್ತಿಗೆ ಅಣೆಕಟ್ಟೆಯ ಬುಡದಲ್ಲೂ ಹಂಪಿಯ ಬಳಿಯೂ ವಿದ್ಯುತ್ ಹುಟ್ಟತೊಡಗಿತು. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಚೇರಿಗಳಿಗೆ ಟ್ಯೂಬ್‌ಲೈಟು ಬಂತು. ಒಡೆದ ಟ್ಯೂಬಿನ ಒಳಗೆ ಬೆರಳಾಡಿಸಿದವರಿಗೆ ಆ ಬಿಳಿ ಪುಡಿ ಗೊತ್ತು. ಪಾದರಸ ಇರುವುದರಿಂದ ಯಾರೂ ಆ ಕೆಲಸ ಮಾಡಬಾರದು, ಆದರೆ ಮಾಡದ ಹುಡುಗರಿಲ್ಲ. ಹಿಟ್ಟಿನಂತೆ ನುಣುಪಾದ ಆ ಬಿಳುಪಿನಲ್ಲಿ ಕಪ್ಪು ಕಲ್ಲಿನ ಲೋಹ ಅಡಗಿದೆ ಎಂದು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ.

ಹಾಗಾದರೆ ದೇವಗಿರಿಯ ಅದಿರನ್ನೇ ಅರೆದು ಬಳಿದರೆ ಬೆಳಗುತ್ತದೆಯೇ? ಇಲ್ಲ. ಇದರಲ್ಲಿ ಈ ವಿಷಯದ ಮುಖ್ಯ ಗುಟ್ಟಿದೆ. ಸಂಡೂರಿನ ಮ್ಯಾಂಗನೀಸ್ ಅದಿರಿನಲ್ಲಿ ಕಬ್ಬಿಣವೂ ಬೆರೆತಿರುತ್ತದೆ. ಉಕ್ಕಿನವರಿಗೆ ಅದರಿಂದ ತೊಂದರೆಯಿಲ್ಲ. ಬೆಳಕಿನವರಿಗೆ ಕಬ್ಬಿಣವೆಂದರೆ ಕೊಲೆಗಾರ. ಫಾಸ್ಫರ್ ತಯಾರಕರು ಕಬ್ಬಿಣ, ನಿಕ್ಕಲ್, ಕೋಬಾಲ್ಟುಗಳನ್ನು ಕರೆಯುವುದೇ ಹಾಗೆ. ಹತ್ತು ಲಕ್ಷದಲ್ಲಿ ಕೆಲವೇ ಪಾಲು ಕಬ್ಬಿಣ ಸೇರಿದರೂ ಶಕ್ತಿ ಅದರ ಪಾಲಾಗಿ, ಬರಿಯ ಬಿಸಿಯಾಗಿ ಸೋರಿಹೋಗುತ್ತದೆ. ಮ್ಯಾಂಗನೀಸ್ ಬೆಳಗಬೇಕಾದರೆ ಒಂದೊಂದು ಪರಮಾಣುವೂ ಬೇರೆ ಬೇರೆಯಾಗಿ, ಸ್ವಚ್ಛವಾದ ನೆರೆಯಲ್ಲಿ ಕೂರಬೇಕು. ಅದಿರು ಟನ್ ಲೆಕ್ಕದಲ್ಲಿ ಹೋಗುತ್ತದೆ, ಬೆಳಗುವ ವಸ್ತು ಗ್ರಾಂ ಲೆಕ್ಕದಲ್ಲಿ ಬರುತ್ತದೆ. ನಡುವೆ ಇರುವುದೆಲ್ಲ ರಸಾಯನಶಾಸ್ತ್ರದ ವಿದ್ಯೆ. ಬೆಲೆಯಿರುವುದೂ ಆ ವಿದ್ಯೆಗೇ.

ನೆರೆ ಎಂದೆ. ಮ್ಯಾಂಗನೀಸ್ ಅಯಾನಿನ ಹೊರಗವಚದಲ್ಲಿ ಐದು ಎಲೆಕ್ಟ್ರಾನುಗಳು ಐದು ಕೋಣೆಗಳಲ್ಲಿ ಒಂದೊಂದಾಗಿ, ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತ ಇರುತ್ತವೆ. ಶಕ್ತಿ ಸಿಕ್ಕಾಗ ಒಂದರ ತಿರುಗು ತಲೆಕೆಳಗಾಗುತ್ತದೆ. ಮೊದಲಿನ ಸ್ಥಿತಿಗೆ ಮರಳಲು ಮತ್ತೆ ದಿಕ್ಕು ಬದಲಿಸಬೇಕು. ಕ್ವಾಂಟಂ ನಿಯಮದ ಪ್ರಕಾರ ಅದು ನಿಷಿದ್ಧ. ನಿಷಿದ್ಧವೆಂದರೆ ಆಗುವುದೇ ಇಲ್ಲವೆಂದಲ್ಲ, ಬಹಳ ತಡವಾಗಿ ಆಗುತ್ತದೆ. ಸಾಮಾನ್ಯ ಬಣ್ಣದ ಅಣು ನುಂಗಿದ ಬೆಳಕನ್ನು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಪಾಲಿನಷ್ಟು ಹೊತ್ತಿನಲ್ಲಿ ಬಿಟ್ಟುಬಿಡುತ್ತದೆ. ಮ್ಯಾಂಗನೀಸಿಗೆ ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲು ಬೇಕು. ಅದು ಬಿಡುವ ಬಣ್ಣವೂ ಸುತ್ತಲಿನ ಪರಮಾಣುಗಳನ್ನು ಅವಲಂಬಿಸಿದೆ. ಸುತ್ತ ನಾಲ್ಕು ಇದ್ದರೆ ಸಾಮಾನ್ಯವಾಗಿ ಹಸಿರು, ಆರು ಇದ್ದರೆ ಕಿತ್ತಳೆ ಇಲ್ಲವೇ ಕೆಂಪು. ಒಂದೇ ಲೋಹ, ನೆರೆ ಬದಲಾದರೆ ಬಣ್ಣ ಬದಲು.

ಟ್ಯೂಬ್‌ಲೈಟು ಹರಡುತ್ತಿದ್ದ ಹೊತ್ತಿಗೇ ಇನ್ನೊಂದು ಕಡೆಯಲ್ಲಿ, ಲೋಹವೇ ಇಲ್ಲದ ಇಂಗಾಲದ ಅಣುಗಳಿಂದ ಬೆಳಕು ಹೊರಡಿಸುವ ಪ್ರಯತ್ನ ನಡೆದಿತ್ತು. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ನ್ಯಾನ್ಸಿಯಲ್ಲಿ ಆಂದ್ರೆ ಬೆರ್ನಾನೋಸ್ ಬಣ್ಣ ಹಚ್ಚಿದ ಸೆಲ್ಯುಲೋಸ್ ಹಾಳೆಗೆ ಭಾರೀ ವೋಲ್ಟೇಜ್ ಹಾಯಿಸಿ ಮಿನುಗನ್ನು ಕಂಡರು. 1963ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಕಲ್ಲಿದ್ದಲ ಡಾಂಬರಿನಲ್ಲಿ ಸಿಗುವ ಆಂಥ್ರಸೀನಿನ ಹರಳಿಗೆ ನಾನೂರು ವೋಲ್ಟಿನಷ್ಟು ಕೊಟ್ಟು ಬೆಳಗಿಸಿದರು. ಅಷ್ಟು ವೋಲ್ಟೇಜಿನಲ್ಲಿ ಬೆಳಗುವ ವಸ್ತುವಿನಿಂದ ಮನೆಗೆ ಏನು ಉಪಯೋಗ? ಇಪ್ಪತ್ತು ವರ್ಷ ಇದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು.

ಗಂಟು ಬಿಡಿಸಿದವರು ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. 1987ರಲ್ಲಿ ಅವರು ಎರಡು ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿದರು. ಒಂದು ಪದರ ಧನ ವಿದ್ಯುತ್ತನ್ನು ಸಾಗಿಸುತ್ತದೆ, ಇನ್ನೊಂದು ಎಲೆಕ್ಟ್ರಾನುಗಳನ್ನು. ಎರಡೂ ಗಡಿಯಲ್ಲಿ ಕೂಡಿದಾಗ ಹಸಿರು ಬೆಳಕು. ಬೇಕಾದದ್ದು ಹತ್ತು ವೋಲ್ಟಿಗಿಂತ ಕಡಿಮೆ, ಟಾರ್ಚಿನ ಏಳೆಂಟು ಸೆಲ್ಲು ಜೋಡಿಸಿದರೆ ಸಾಕು. ಬೆಳಗಿದ ವಸ್ತು ಒಂದು ಅಲ್ಯೂಮಿನಿಯಂ ಪರಮಾಣುವನ್ನು ಮೂರು ಇಂಗಾಲದ ಅಣುಗಳು ತಬ್ಬಿಕೊಂಡ ಸಂಯುಕ್ತ. ಅಂದರೆ ಈ ವಿದ್ಯೆಯ ಮೊದಲ ದಿಟವಾದ ಗೆಲುವೇ ಲೋಹ ಮತ್ತು ಸಾವಯವ ಕೂಡಿದ ಸಂಕರದಿಂದ ಬಂದದ್ದು. 1990ರಲ್ಲಿ ಕೇಂಬ್ರಿಜ್‌ನ ಬರೋಸ್, ಬ್ರ್ಯಾಡ್ಲಿ, ರಿಚರ್ಡ್ ಫ್ರೆಂಡ್ ಮೊದಲಾದವರು ಪ್ಲಾಸ್ಟಿಕ್ಕಿನಂಥ ಪಾಲಿಮರನ್ನೂ ಹೀಗೇ ಬೆಳಗಿಸಬಹುದೆಂದು ತೋರಿಸಿದರು. 1997ರಲ್ಲಿ ಪಯೋನಿಯರ್ ಕಂಪನಿಯ ಕಾರ್ ಸ್ಟೀರಿಯೊದ ಪರದೆ, 2003ರಲ್ಲಿ ಕೊಡಾಕ್ ಕ್ಯಾಮೆರಾ, 2007ರಲ್ಲಿ ಸೋನಿಯ ಹನ್ನೊಂದು ಇಂಚಿನ ಟಿವಿ, 2010ರ ಹೊತ್ತಿಗೆ ಮೊಬೈಲು. ಹೀಗೆ ಬೆಳಗುವ ಸಾಧನಕ್ಕಿರುವ ಓಲೆಡ್ ಎಂಬ ಹೆಸರು ಅಂಗಡಿಯವರ ಬಾಯಿಗೂ ಬಂತು.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ, ಆದರೆ ಯಾರೂ ಅದನ್ನು ಸೇರಿಸಿ ಹೇಳುವುದಿಲ್ಲ. ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. 1940ರ ದಶಕದಲ್ಲಿ ಅವರೂ ಅವರ ಶಿಷ್ಯರೂ ವಜ್ರಗಳ ಬೆನ್ನು ಹತ್ತಿದರು. ನೇರಳಾತೀತ ಕಿರಣ ಬಿದ್ದಾಗ ಕೆಲವು ವಜ್ರ ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಳದಿ-ಹಸಿರು, ಕೆಲವು ಹೊಳೆಯುವುದೇ ಇಲ್ಲ. ಒಂದೇ ಇಂಗಾಲ, ಆದರೂ ಈ ವ್ಯತ್ಯಾಸ ಏಕೆ ಎಂಬುದು ಅವರನ್ನು ವರ್ಷಗಟ್ಟಲೆ ಕಾಡಿತು. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದ ಮೇಲೂ ಹರಳು, ಖನಿಜಗಳ ಮೇಲಿನ ಅವರ ಮೋಹ ಇಳಿಯಲಿಲ್ಲ.

ಅದೇ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರು ಒಂದು ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ದ್ರವಸ್ಫಟಿಕವೆಂದರೆ ಕಡ್ಡಿಯಾಕಾರದ ಅಣುಗಳು. ಇವರು ತೋರಿಸಿದ್ದು ಚಪ್ಪಟೆ ಬಿಲ್ಲೆಯಂಥ ಅಣುಗಳು, ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಕಂಬವಾಗಿ ನಿಲ್ಲುತ್ತವೆ. ಆ ಕಂಬದ ಉದ್ದಕ್ಕೂ ವಿದ್ಯುತ್ ಸಾಗಬಲ್ಲದು. ಈ ಅಣುಗಳ ಹಾಳೆಗಳು ಮುಂದೆ ಎಲ್‌ಸಿಡಿ ಪರದೆಯನ್ನು ಓರೆಯಿಂದಲೂ ಸರಿಯಾಗಿ ನೋಡುವಂತೆ ಮಾಡಿದವು. ಅಂಥ ಅಣುಗಳನ್ನೇ ಬೆಳಗಿಸುವ ಕೆಲಸ ಬೆಂಗಳೂರಿನಲ್ಲಿ ಇಂದಿಗೂ ನಡೆದಿದೆ. ಚಂದ್ರಶೇಖರ್ ಅವರು 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಕೊಟ್ಟ ಜಾಗದಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ.

ಓಲೆಡ್ಡಿನ ಒಳಗೆ ಇನ್ನೊಂದು ಕಗ್ಗಂಟಿತ್ತು. ವಿದ್ಯುತ್ತಿನಿಂದ ಉದ್ರೇಕಗೊಂಡ ನಾಲ್ಕು ಅಣುಗಳಲ್ಲಿ ಮೂರು ನಿಷಿದ್ಧ ಸ್ಥಿತಿಗೆ ಬೀಳುತ್ತವೆ, ಒಂದು ಮಾತ್ರ ಸಲೀಸಾಗಿ ಬೆಳಗುತ್ತದೆ ಎಂಬುದು ಸರಳ ಲೆಕ್ಕ. ಅಂದರೆ ಮುಕ್ಕಾಲು ಪಾಲು ನಷ್ಟ. ಈ ಲೆಕ್ಕ ಎಲ್ಲ ಕಡೆಯೂ ನಿಜವೇ ಎಂದು ಕೇಳಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಒಬ್ಬರು. 1980ರ ದಶಕದಿಂದಲೇ ಇಂಥ ಅಣುಸರಪಳಿಗಳ ಎಲೆಕ್ಟ್ರಾನ್ ಲೆಕ್ಕವನ್ನು ಕರಾರುವಾಕ್ಕಾಗಿ ಹಾಕುತ್ತ ಬಂದವರು ಅವರು. ಅರಿಜೋನಾದ ಸುಮಿತ್ ಮಜುಂದಾರ್ ಮೊದಲಾದವರ ಜೊತೆ 2003ರಲ್ಲಿ ಅವರು ಪ್ರಕಟಿಸಿದ ಲೇಖನ, ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವದಿಂದ ಉದ್ದ ಸರಪಳಿಗಳಲ್ಲಿ ಬೆಳಗುವ ಪಾಲು ಕಾಲು ಭಾಗಕ್ಕಿಂತ ಹೆಚ್ಚಾಗಬಹುದು ಎಂದು ತೋರಿಸಿತು. ಪ್ರಯೋಗದ ಕಡೆಯಿಂದ ಅಮೆರಿಕದ ಫಾರೆಸ್ಟ್ ಮತ್ತು ಥಾಂಪ್ಸನ್ ಗುಂಪು 1998ರಲ್ಲಿ ಪ್ಲಾಟಿನಂ, ಮರುವರ್ಷ ಇರಿಡಿಯಂ ಸೇರಿಸಿ ಆ ನಿಷಿದ್ಧ ಮುಕ್ಕಾಲನ್ನೂ ಬೆಳಕಾಗಿಸಿತ್ತು. ಭಾರವಾದ ಲೋಹದ ಪರಮಾಣು ಪಕ್ಕದಲ್ಲಿದ್ದರೆ ತಿರುಗು ಬದಲಿಸುವುದು ಸುಲಭ. ಇರಿಡಿಯಂ ಭೂಮಿಯ ಮೇಲೆ ಅತಿ ವಿರಳ, ಬೆಲೆಯೂ ವಿಪರೀತ. 2012ರಲ್ಲಿ ಜಪಾನಿನ ಅಡಾಚಿ ಲೋಹವೇ ಇಲ್ಲದೆ ಅದೇ ಕೆಲಸ ಮಾಡಿಸಿದರು. ನೀಲಿ ಅಣುವಿನ ಆಯಸ್ಸು ಮಾತ್ರ ಇಂದಿಗೂ ತಲೆನೋವಾಗಿಯೇ ಇದೆ.

ಈ ನಡುವೆ ಸಂಡೂರು ಬೇರೆ ಕಾರಣಕ್ಕೆ ಸುದ್ದಿಯಲ್ಲಿತ್ತು. 2000ದ ದಶಕದಲ್ಲಿ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿತು, ಬೆಟ್ಟಗಳು ಹಗಲೂ ರಾತ್ರಿ ಕರಗಿದವು. ಹೆದ್ದಾರಿ ಬದಿಯ ಹೊಲಗಳ ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದ ಬೆನ್ನಿಗೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ವರ್ಷಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ನೋವಾಗುವುದು ಇನ್ನೊಂದು ಸಂಗತಿಗೆ. ನಾವು ಮಣ್ಣನ್ನು ಟನ್ ಲೆಕ್ಕದಲ್ಲಿ ತೂಗಿ ಕಳಿಸುತ್ತಿದ್ದ ಅದೇ ವರ್ಷಗಳಲ್ಲಿ, ನಮ್ಮದೇ ರಾಜ್ಯದ ರಾಜಧಾನಿಯಲ್ಲಿ, ಅದೇ ಲೋಹದ ಕೆಲವೇ ಪರಮಾಣುಗಳಿಂದ ಬಿಳಿ ಬೆಳಕು ತೆಗೆಯುವ ಕೆಲಸ ನಡೆಯುತ್ತಿತ್ತು. ಎರಡೂ ಕಡೆಯವರಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

2007ರಲ್ಲಿ ವಿಜ್ಞಾನ ಸಂಸ್ಥೆಯ ಡಿ.ಡಿ. ಶರ್ಮಾ ಮತ್ತು ಅವರ ವಿದ್ಯಾರ್ಥಿ ಅಂಶುಮಾನ್ ನಾಗ್ ಕ್ಯಾಡ್ಮಿಯಂ ಸಲ್ಫೈಡಿನ ನ್ಯಾನೊ ಹರಳುಗಳಲ್ಲಿ ಮ್ಯಾಂಗನೀಸ್ ಕೂರಿಸಿದರು. ಕೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣ ಕಣ. ಇಂಥ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಿರಲಿ ಎಂದು ಹೊರಮೈಗೆ ಸಾವಯವ ಅಣುಗಳ ಹೊದಿಕೆ ಇರುತ್ತದೆ. ಕಣದ ಮೇಲ್ಮೈಯಿಂದ ನೀಲಿ ಬದಿಯ ಬೆಳಕು, ಒಳಗಿನ ಮ್ಯಾಂಗನೀಸಿನಿಂದ ಕಿತ್ತಳೆ, ಎರಡೂ ಕೂಡಿ ಬಿಳಿ. ವೆಂಬ್ಲಿಯ ಟ್ಯೂಬ್‌ಲೈಟಿನ ಪುಡಿಯಲ್ಲಿ ಎರಡು ಬೇರೆ ಪರಮಾಣುಗಳು ಮಾಡಿದ ಕೆಲಸವನ್ನು ಇಲ್ಲಿ ಒಂದೇ ಕಣ ಮಾಡಿತು. ಆ ಕಣಗಳ ವಿದ್ಯೆಗೆ, ಅಂದರೆ ಕ್ವಾಂಟಂ ಚುಕ್ಕಿಗಳಿಗೆ, 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅಷ್ಟು ಸಣ್ಣ ಹರಳಿನೊಳಗೆ ಮ್ಯಾಂಗನೀಸನ್ನು ಕೂರಿಸುವುದು ಸುಲಭವಲ್ಲ, ಹರಳು ಅದನ್ನು ಹೊರಕ್ಕೆ ತಳ್ಳುತ್ತದೆ. ಹೇಗೆ ಕೂರಿಸಬೇಕೆಂಬುದನ್ನು ಶರ್ಮಾ ಅವರ ಗುಂಪು, ಆಮೇಲೆ ಬೆಂಗಳೂರಿನದೇ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಂಜನಿ ವಿಶ್ವನಾಥ ಅವರ ಗುಂಪು ವರ್ಷಗಟ್ಟಲೆ ಕೂತು ಕಲಿತವು.

ಮಾರುಕಟ್ಟೆಯಲ್ಲೂ ಮ್ಯಾಂಗನೀಸ್ ಮರಳಿ ಬಂತು. ಕರ್ನಾಟಕದಲ್ಲಿ 2015ರ ಕೊನೆಗೆ ‘ಹೊಸ ಬೆಳಕು’ ಯೋಜನೆಯಲ್ಲಿ ಮನೆಮನೆಗೆ ಎಲ್‌ಇಡಿ ಬಲ್ಬು ಹಂಚಿದರು. ಅರವತ್ತು ವಾಟಿನ ಬಲ್ಬಿನ ಜಾಗಕ್ಕೆ ಒಂಬತ್ತು ವಾಟಿನದು ಬಂತು. ಎಲ್‌ಇಡಿ ಬಲ್ಬಿನೊಳಗಿನ ಚಿಪ್ ನೀಲಿ, ಮೇಲಿನ ಪುಡಿ ಹಳದಿ. ನೀಲಿಯೂ ಹಳದಿಯೂ ಕೂಡಿದ ಬಿಳಿಯಲ್ಲಿ ಕೆಂಪು ಕಡಿಮೆ, ಹಾಗಾಗಿ ಟೊಮೆಟೊ, ಕುಂಕುಮ, ಚರ್ಮದ ಬಣ್ಣ ಪೇಲವ ಕಾಣುತ್ತವೆ. ಆ ಕೊರತೆ ತುಂಬಲು ಅಮೆರಿಕದ ಜಿಇ ಕಂಪನಿ ಪೊಟ್ಯಾಸಿಯಂ ಫ್ಲೋರೊಸಿಲಿಕೇಟಿನಲ್ಲಿ ಮ್ಯಾಂಗನೀಸ್ ಕೂರಿಸಿ ಅಚ್ಚ ಕೆಂಪು ಕೊಡುವ ಪುಡಿ ಮಾಡಿತು. 2010ರ ದಶಕದ ನಡುವಿನಿಂದ ಅದು ಟಿವಿ, ಮೊಬೈಲು ಪರದೆಗಳ ಹಿಂಬೆಳಕಿನಲ್ಲಿ ಸೇರಿಕೊಂಡಿದೆ. ಟಿವಿಯಲ್ಲಿ ಕ್ರಿಕೆಟ್ ಚೆಂಡಿನ ಕೆಂಪು ಕಣ್ಣಿಗೆ ಹೊಡೆಯುವಷ್ಟು ಕೆಂಪಾಗಿ ಕಂಡರೆ ಅದರಲ್ಲಿ ಮ್ಯಾಂಗನೀಸಿನ ಕೈವಾಡ ಇರಬಹುದು.

ಈಗ ಸಂಕರ ವಸ್ತುಗಳ ಸರದಿ. 2014ರಲ್ಲಿ ಕೇಂಬ್ರಿಜ್‌ನ ಗುಂಪು ಪೆರೋವ್‌ಸ್ಕೈಟ್ ಎಂಬ ಹರಳುರಚನೆಯ, ಸೀಸ, ಹ್ಯಾಲೋಜನ್ ಮತ್ತು ಸಾವಯವ ಅಯಾನು ಕೂಡಿದ ವಸ್ತುವಿನಿಂದ ಕೋಣೆಯ ಉಷ್ಣತೆಯಲ್ಲೇ ಎಲ್‌ಇಡಿ ಮಾಡಿತು. ದ್ರಾವಣ ಬಳಿದು ಒಣಗಿಸಿದರೆ ಸಾಕು, ಬಣ್ಣವನ್ನು ಬ್ರೋಮಿನ್, ಅಯೋಡಿನ್ ಪಾಲು ಬದಲಿಸಿ ಹೊಂದಿಸಬಹುದು. ದೊಡ್ಡ ತೊಡಕು ಸೀಸ. ಅದು ವಿಷ. ಸೀಸದ ಜಾಗಕ್ಕೆ ಏನು ಎಂದು ಹುಡುಕಿದವರ ಕಣ್ಣಿಗೆ ಮತ್ತೆ ಬಿದ್ದದ್ದು ಮ್ಯಾಂಗನೀಸ್. ಸಾವಯವ ಅಯಾನಿನ ನಡುವೆ ನಾಲ್ಕು ಬ್ರೋಮಿನ್ನುಗಳ ಗೂಡಿನಲ್ಲಿ ಕುಳಿತ ಮ್ಯಾಂಗನೀಸ್ ಕಣ್ಣು ಕೋರೈಸುವ ಹಸಿರು ಕೊಡುತ್ತದೆ. 2020ರಲ್ಲಿ ಫ್ಲಾರಿಡಾದ ಬಿವು ಮಾ ಗುಂಪು ಇಂಥ ಹರಳು ಎಕ್ಸ್-ರೇ ಬಿದ್ದಾಗಲೂ ಜೋರಾಗಿ ಬೆಳಗುತ್ತದೆ ಎಂದು ತೋರಿಸಿತು. ಕಡಿಮೆ ಕಿರಣದಲ್ಲಿ ಎಕ್ಸ್-ರೇ ಚಿತ್ರ ತೆಗೆಯಬಹುದಾದರೆ ರೋಗಿಗೆ ಅಷ್ಟೂ ಒಳ್ಳೆಯದು.

ಜಕ್ಕೂರಿನಲ್ಲಿ ನಡೆದ ಕೆಲಸ ನನಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಮಣ್ಣಿದೆ. 2011ರಲ್ಲಿ ಸುಬಿ ಜಾರ್ಜ್, ಎಂ. ಈಶ್ವರಮೂರ್ತಿ ಮತ್ತು ಅವರ ವಿದ್ಯಾರ್ಥಿಗಳು ಮೆಗ್ನೀಸಿಯಂ ಸಿಲಿಕೇಟಿನ ಜೇಡಿ ಪದರಗಳ ಮೇಲೆ ಬಣ್ಣದ ಸಾವಯವ ಅಣುಗಳನ್ನು ಜೋಡಿಸಿ ನೀರಿನಲ್ಲೇ ಬೆಳಗುವ ಜೆಲ್ ಮಾಡಿದರು. ಒಂದು ಅಣು ಬೆಳಕನ್ನು ಹಿಡಿದು ಪಕ್ಕದ ಅಣುವಿಗೆ ದಾಟಿಸುತ್ತದೆ, ಅದು ಬೇರೆ ಬಣ್ಣದಲ್ಲಿ ಬಿಡುತ್ತದೆ. ಎರಡು ವರ್ಷದ ಮೇಲೆ ಅದೇ ದಾರಿಯಲ್ಲಿ, ದ್ರಾವಣವಾಗಿ ಬಳಿಯಬಹುದಾದ ಅಚ್ಚ ಬಿಳಿ ಬೆಳಕಿನ ಸಂಕರ ವಸ್ತು ಬಂತು. 2018ರಲ್ಲಿ ಇನ್ನೂ ಕಷ್ಟದ ಕೆಲಸ. ಸಾವಯವ ಅಣುವಿನ ನಿಷಿದ್ಧ ಬೆಳಕು ಸಾಮಾನ್ಯವಾಗಿ ನೀರಿನಲ್ಲಿ, ಗಾಳಿಯಲ್ಲಿ ಉಳಿಯುವುದಿಲ್ಲ. ಅಣು ಅಲುಗಾಡಿ ಶಕ್ತಿ ಕಳೆದುಕೊಳ್ಳುತ್ತದೆ, ಕರಗಿದ ಆಮ್ಲಜನಕ ಉಳಿದದ್ದನ್ನು ನಂದಿಸುತ್ತದೆ. ಲ್ಯಾಪೊನೈಟ್ ಎಂಬ ಜೇಡಿಯ ಬಿಲ್ಲೆಗಳ ಜೊತೆ ಕಟ್ಟಿ ಅಣುವನ್ನು ಅಲುಗಾಡದಂತೆ ಹಿಡಿದಾಗ, ನೀರಿನಲ್ಲೇ, ಕೋಣೆಯ ಉಷ್ಣತೆಯಲ್ಲೇ ಆ ತಡವಾದ ಬೆಳಕು ಬಂತು. ತಡವಾಗಿ ಬರುವ ಬೆಳಕಿನಿಂದ ಜೀವಕೋಶದ ಚಿತ್ರ ತೆಗೆಯಲು ಅನುಕೂಲ. ಕೋಶದ ಸ್ವಂತ ಮಿನುಗು ಆರಿದ ಮೇಲೂ ಇದು ಉಳಿದಿರುತ್ತದೆ. ನೋಟು, ದಾಖಲೆಗಳ ಗುಪ್ತ ಗುರುತಿಗೂ ಇದು ಹೊಂದುತ್ತದೆ.

ಲ್ಯಾಪೊನೈಟ್ ಕಾರ್ಖಾನೆಯಲ್ಲಿ ಮಾಡಿದ ಜೇಡಿ, ಬಣ್ಣಕ್ಕೂ ಟೂತ್‌ಪೇಸ್ಟಿಗೂ ಹಾಕುತ್ತಾರೆ. ಅದು ಸ್ಮೆಕ್ಟೈಟ್ ಕುಲದ್ದು. ಬಳ್ಳಾರಿ, ಸಿರುಗುಪ್ಪ ಕಡೆಯ ಎರೆ ಭೂಮಿಯ ಜೇಡಿಯೂ ಅದೇ ಕುಲ. ಮಳೆಗಾಲದಲ್ಲಿ ಎರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವುದು, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಒಂದೇ ಕಾರಣಕ್ಕೆ: ಕಾಗದದ ಹಾಳೆಗಿಂತ ಲಕ್ಷ ಪಟ್ಟು ತೆಳುವಾದ ಪದರಗಳ ನಡುವೆ ನೀರು ಹೊಕ್ಕು ಹೊರಡುತ್ತದೆ. ಜಕ್ಕೂರಿನವರು ಬೆಳಗುವ ಅಣುಗಳನ್ನು ಕೂರಿಸಿದ್ದು ಅಂಥದೇ ಪದರಗಳ ಮೇಲೆ. ಮಸಾರಿ ಬೆಟ್ಟದ ಕಪ್ಪು ಲೋಹ, ಎರೆ ಹೊಲದ ಜೇಡಿ, ಎರಡಕ್ಕೂ ಬೆಳಕಿನ ವಿದ್ಯೆಯಲ್ಲಿ ಜಾಗವಿದೆ.

ಸಂಡೂರಿನ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಖನಿಜ ಸಂಸ್ಕರಣೆಯನ್ನು ಅಲ್ಲಿ ಕಲಿಸುತ್ತಾರೆ. ಹೊಸಪೇಟೆ, ಬಳ್ಳಾರಿಯ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಲ್ಯಾಬುಗಳಿವೆ. ಮ್ಯಾಂಗನೀಸಿನ ಹಸಿರು ಹರಳು ಮಾಡಲು ಕೋಟಿ ರೂಪಾಯಿಯ ಯಂತ್ರ ಬೇಡ. ಶುದ್ಧ ಮ್ಯಾಂಗನೀಸ್ ಬ್ರೋಮೈಡನ್ನೂ ಒಂದು ಸಾವಯವ ಫಾಸ್ಫೋನಿಯಂ ಲವಣವನ್ನೂ ಆಲ್ಕೋಹಾಲಿನಲ್ಲಿ ಕರಗಿಸಿ, ನಿಧಾನಕ್ಕೆ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಹಸಿರಾಗಿ ಉರಿಯುತ್ತದೆ. ಅದಕ್ಕೂ ಮೊದಲಿನ ಹೆಜ್ಜೆ, ದೇವಗಿರಿಯ ಅದಿರನ್ನು ಆಮ್ಲದಲ್ಲಿ ಕರಗಿಸಿ ಅದರೊಳಗಿನ ಕಬ್ಬಿಣವನ್ನು ಪೂರ್ತಿ ಬೇರ್ಪಡಿಸಿ ಶುದ್ಧ ಲವಣ ತೆಗೆಯುವುದು. ಎಂಎಸ್ಸಿ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಯೋಜನೆಗೆ ತಕ್ಕ ಕೆಲಸ ಅದು. ಕಬ್ಬಿಣ ಎಷ್ಟು ಉಳಿದರೆ ಬೆಳಕು ಎಷ್ಟು ನಂದುತ್ತದೆ ಎಂದು ಅಳೆದರೆ ಅದೇ ಒಂದು ಒಳ್ಳೆಯ ಪ್ರಬಂಧ. ಈ ಭಾಗದ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ನನ್ನ ವಿನಂತಿ: ಮುಂದಿನ ವರ್ಷದ ಯೋಜನೆಗಳ ಪಟ್ಟಿ ಮಾಡುವಾಗ ಇದನ್ನೂ ಸೇರಿಸಿಕೊಳ್ಳಿ.